ಹರಾಜಿನಲ್ಲಿ ಹಳೇ ಕಾರು: ಕಣ್ಣು ಬಣ್ಣದ ಮೇಲೆ, ದುಡ್ಡು ತಗಡಿನ ಮೇಲೆ

ಟಿಂಕರಿಂಗ್ ಕೈ, ಹಾಸನ

ನನ್ನ ಕೆಲಸ ಬಾಡಿ ಟಿಂಕರಿಂಗ್. ಹರಾಜಿನಲ್ಲಿ ಹಳೇ ಕಾರು ತಗೊಂಡವರು ಸ್ವಲ್ಪ ದಿನದಲ್ಲೇ ನಮ್ಮಂಥವರ ಶೆಡ್ಡಿಗೆ ಬರುತ್ತಾರೆ. "ಒಂದು ಬಾಗಿಲು ಸರಿಯಾಗಿ ಕೂರುತ್ತಿಲ್ಲ, ಅಷ್ಟು ನೋಡಿಕೊಡಿ" ಅಂತ ಮಾತು ಶುರುವಾಗುತ್ತದೆ. ಬಾಗಿಲಿಗೆ ಏನೂ ಆಗಿರುವುದಿಲ್ಲ. ಅದರ ಕೆಳಗಿನ ಸಿಲ್ ಪಟ್ಟಿ ಒಳಗಿಂದ ತುಕ್ಕು ತಿಂದು, ಬಾಡಿಯೇ ನಡುವಿನಲ್ಲಿ ಇಳಿದಿರುತ್ತದೆ. ಮೇಲೆ ಹೊಸ ಬಣ್ಣ ಫಳಫಳ ಹೊಳೆಯುತ್ತಿರುತ್ತದೆ.

ಇದನ್ನು ನೋಡಿ ನೋಡಿ ಬೇಸರವಾಗಿ ಈ ಚರ್ಚೆ ಶುರು ಮಾಡುತ್ತಿದ್ದೇನೆ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಹಳೇ ಗಾಡಿಗಳ ಮೇಲೆ ಪ್ರೀತಿ ಜಾಸ್ತಿ. ಅಜ್ಜನ ಜೀಪು, ಮಾವನ ಫಿಯಟ್, ಮದುವೆಗೆ ಬಂದ ಅಂಬಾಸಿಡರ್ ಎಲ್ಲರ ನೆನಪಿನಲ್ಲೂ ಇವೆ. ಈಗ ಕೈಯಲ್ಲಿ ನಾಲ್ಕು ಕಾಸು ಇದೆ, ಆಸೆಯೂ ಇದೆ. ಆದರೆ ಗಾಡಿ ನೋಡುವ ಕ್ರಮ ತಲೆಕೆಳಗಾಗಿದೆ.

ನಾನು ಹೇಳುವುದು ಇಷ್ಟೇ. ಹಳೇ ಕಾರಿನಲ್ಲಿ ದುಡ್ಡು ನುಂಗುವುದು ತಗಡು. ಎಂಜಿನ್ ಬಿಚ್ಚಿ ಕಟ್ಟಬಹುದು. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಕಣ್ಣು ಮುಚ್ಚಿ ಕಟ್ಟುವ ಮೇಸ್ತ್ರಿಗಳು ಇನ್ನೂ ಇದ್ದಾರೆ. ಸೀಟು ಹೊಲಿಸಬಹುದು, ಬಂಪರ್‌ಗೆ ಮತ್ತೆ ಕ್ರೋಮ್ ಹಾಕಿಸಬಹುದು. ಕೊಳೆತ ಫ್ಲೋರು, ಸಿಲ್ಲು, ಹಿಂದಿನ ಪಟ್ಟಾ ಸ್ಪ್ರಿಂಗ್ ಕೂರುವ ಜಾಗ ಇವುಗಳನ್ನು ಸರಿಮಾಡಬೇಕು ಅಂದರೆ ಇಡೀ ಗಾಡಿ ಬಿಚ್ಚಬೇಕು. ಅಲ್ಲಿಂದ ತಿಂಗಳುಗಟ್ಟಲೆ ಕೂಲಿ. ಆದರೆ ಹರಾಜಿನಲ್ಲಿ ಜನ ಮೊದಲು ನೋಡುವುದು ಬಣ್ಣ, ಆಮೇಲೆ ಸೀಟು, ಆಮೇಲೆ ಎಂಜಿನ್ ಸದ್ದು. ಕೆಳಗೆ ಬಗ್ಗಿ ನೋಡುವವರು ಬಹಳ ಕಮ್ಮಿ. ಅತಿ ಸುಲಭವಾಗಿ ಸರಿಯಾಗುವುದಕ್ಕೆ ಅತಿ ಹೆಚ್ಚು ಬೆಲೆ ಕಟ್ಟುತ್ತೇವೆ.

ಗಾಡಿಯಿಂದ ಗಾಡಿಗೆ ಇದು ಬೇರೆಯಾಗುತ್ತದೆ ಅನ್ನುವುದೂ ಬಹಳ ಜನಕ್ಕೆ ಗೊತ್ತಿಲ್ಲ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸ್‌ನಿಂದ ಬಂದ ಕಾರು. 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಅದಕ್ಕೆ ಲಾರಿಯ ಥರ ಬೇರೆ ಚಾಸಿ, ಅಂದರೆ ಕೆಳಗೆ ಭಾರ ಹೊರುವ ಉಕ್ಕಿನ ಚೌಕಟ್ಟು, ಇಲ್ಲ. ಬಾಡಿಯೇ ಚಾಸಿ. ಫಿಯಟ್ 1100, ಆಮೇಲಿನ ಪ್ರೀಮಿಯರ್ ಪದ್ಮಿನಿ ಕೂಡ ಹಾಗೆಯೇ. ಇವುಗಳಲ್ಲಿ ಫ್ಲೋರು ಕೊಳೆತರೆ ಮೂಳೆಯೇ ಕೊಳೆತ ಲೆಕ್ಕ. ಜೀಪಿಗೆ, ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಪ್ರತ್ಯೇಕ ಚಾಸಿ ಇದೆ. ಅಲ್ಲಿ ಬಾಡಿ ತೂತಾದರೂ ಚಾಸಿ ಗಟ್ಟಿ ಇದ್ದರೆ ಉಳಿಸಬಹುದು. ಜೀಪಿನ ಬಾಡಿ ತೂತು ನೋಡಿ ಬೇಡ ಅಂದು, ಪಕ್ಕದ ಹೊಳೆಯುವ ಫಿಯಟ್‌ಗೆ ಕೈ ಎತ್ತುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ನಿಮ್ಮ ಅನುಭವಕ್ಕೆ ಬಂದದ್ದು ಹೇಳಿ. ಬರುವ ತಿಂಗಳುಗಳಲ್ಲಿ ಹರಾಜಿಗೆ ಹೋಗುವವರಿಗೆ ಉಪಯೋಗವಾಗಲಿ.

ಕೊಟ್ಟಿಗೆಹಾರದ ಮಳೆ

ಸರಿಯಾಗಿ ಹೇಳಿದಿರಿ ಮಾರಾಯ್ರೆ. ನಮ್ಮ ಕಡೆಯ ಗಾಡಿಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. "ಎಸ್ಟೇಟ್ ಗಾಡಿ, ಶೆಡ್ಡಿನಲ್ಲೇ ಇತ್ತು, ಓಡಿದ್ದೇ ಕಮ್ಮಿ" ಅನ್ನುವುದನ್ನು ಜನ ಒಳ್ಳೆಯ ಲಕ್ಷಣ ಅಂತ ತಿಳಿದಿದ್ದಾರೆ. ಮೂಡಿಗೆರೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಮಣ್ಣಿನ ನೆಲದ ಶೆಡ್ಡಿನಲ್ಲಿ ನಿಂತ ಗಾಡಿಗೆ ಕೆಳಗಿಂದ ತೇವ ಏರುತ್ತಲೇ ಇರುತ್ತದೆ. ಓಡದ ಗಾಡಿಯ ಸೈಲೆನ್ಸರ್ ಒಣಗುವುದಿಲ್ಲ, ಬ್ರೇಕಿನ ವೀಲ್ ಸಿಲಿಂಡರ್ ಕಚ್ಚಿಕೊಳ್ಳುತ್ತದೆ, ಎಂಜಿನ್ ಒಳಗೆ ಪಿಸ್ಟನ್ ರಿಂಗು ಸಿಲಿಂಡರ್ ಗೋಡೆಗೆ ಅಂಟುತ್ತದೆ. ವಾರಕ್ಕೊಮ್ಮೆ ಸಂತೆಗೆ ಹೋಗಿ ಬರುತ್ತಿದ್ದ ಗಾಡಿ ಇದಕ್ಕಿಂತ ಎಷ್ಟೋ ಮೇಲು.

ಇನ್ನೊಂದು, ಎಸ್ಟೇಟ್ ಜೀಪಿನಲ್ಲಿ ಗೊಬ್ಬರ ಸಾಗಿಸಿರುತ್ತಾರೆ. ಯೂರಿಯಾ, ಪೊಟ್ಯಾಷ್ ಚೀಲ ಹರಿದು ಹಿಂದಿನ ಫ್ಲೋರಿನ ಮೂಲೆಯಲ್ಲಿ ಬಿದ್ದದ್ದು ಮಳೆ ನೀರಿನ ಜೊತೆ ಸೇರಿ ತಗಡನ್ನು ತಿನ್ನುತ್ತದೆ. ಹಿಂದಿನ ವೀಲ್ ಆರ್ಚ್ ಮತ್ತು ಫ್ಲೋರು ಸೇರುವ ಜಾಗ ತಪ್ಪದೆ ನೋಡಿ. ಅಲ್ಲಿ ಹೊಸದಾಗಿ ರಬ್ಬರ್ ಮ್ಯಾಟ್ ಅಂಟಿಸಿದ್ದರೆ ಕೇಳಿ ಎತ್ತಿಸಿ.

ಕಾಫಿ ಮಾರುವಾಗ ನಾವು ಎಷ್ಟು ಹುಷಾರು ನೋಡಿ. ವ್ಯಾಪಾರಿ ಚೀಲದ ಮೇಲಿನ ಕಾಯಿ ನೋಡಿ ಬೆಲೆ ಹೇಳುವುದಿಲ್ಲ. ಮಧ್ಯದಿಂದ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, 50 ಕೆ.ಜಿ. ಚೀಲಕ್ಕೆ ಎಷ್ಟು ಬೀಜ ಬರುತ್ತದೆ ಅಂತ ಔಟ್‌ಟರ್ನ್ ತೆಗೆದು, ತೇವಾಂಶ ನೋಡಿ ಆಮೇಲೆ ಬಾಯಿ ಬಿಡುತ್ತಾನೆ. ಅದೇ ನಾವು ಕಾರಿನ ಮುಂದೆ ನಿಂತಾಗ ಮೇಲಿನ ಕಾಯಿ ನೋಡಿ ಚೆಕ್ ಬರೆಯುತ್ತೇವೆ.

ಕಡೂರು ಬಯಲು

ಹಾಗಾದರೆ ನಮ್ಮ ಕಡೂರು, ಅರಸೀಕೆರೆ ಕಡೆಯ ಗಾಡಿ ತಗೊಳ್ಳುವುದು ಒಳ್ಳೆಯದು ಅಂತಾಯಿತು, ಅಲ್ವಾ? ಒಣ ಹವೆ.

ಟಿಂಕರಿಂಗ್ ಕೈ, ಹಾಸನ

ತಗಡಿನ ಮಟ್ಟಿಗೆ ಹೌದು. ಅರಸೀಕೆರೆ ಕಡೆಯಿಂದ ಬಂದ ಗಾಡಿಗಳ ಫ್ಲೋರು ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಬಿಸಿಲಿಗೆ ಡ್ಯಾಶ್‌ಬೋರ್ಡ್, ಬೀಡಿಂಗ್ ರಬ್ಬರು ಬಿರುಕು ಬಿಟ್ಟಿರುತ್ತವೆ. ಅವೆಲ್ಲ ಬದಲಾಯಿಸುವ ಸಾಮಾನು. ನೋಡಲು ಹಳಸಿದ ಹಾಗೆ ಕಾಣುವುದರಿಂದ ಇಂಥ ಗಾಡಿಗೆ ಬೆಲೆ ಏಳುವುದಿಲ್ಲ. ನನ್ನ ಪ್ರಕಾರ ಹರಾಜಿನಲ್ಲಿ ನಿಜವಾದ ಲಾಭ ಇರುವುದು ಅಲ್ಲೇ. ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬಂದ ಗಾಡಿಗೆ ಉಪ್ಪಿನ ಗಾಳಿಯ ಕಾಟ ಬೇರೆ.

ಆದರೆ ಆರ್‌ಸಿಯಲ್ಲಿ ಕೆಎ 18 ಇದೆ ಅಂತ ಗಾಡಿ ಇಡೀ ಜೀವಮಾನ ಚಿಕ್ಕಮಗಳೂರಿನಲ್ಲೇ ಇತ್ತು ಅಂತ ತಿಳಿಯಬೇಡಿ. ಜಿಲ್ಲೆಯೊಳಗೇ ಕಡೂರಿಗೂ ಕೊಪ್ಪಕ್ಕೂ ಹವೆ ಬೇರೆ. ಹಳೇ ಇನ್ಶೂರೆನ್ಸ್ ಕಾಗದ, ಸರ್ವಿಸ್ ಬಿಲ್ಲು ಯಾವ ಊರಿನವು ನೋಡಿ.

ಹೊಸಬ, ಬೇಲೂರು ರಸ್ತೆ

ನಮಸ್ಕಾರ ಎಲ್ಲರಿಗೂ. ನಾನು ಒಂದು ಅಂಬಾಸಿಡರ್ ಹುಡುಕುತ್ತಿದ್ದೇನೆ. ತಗಡಿನ ತಗ್ಗು, ತೂತು ಮುಚ್ಚಲು ಬಣ್ಣದಡಿ ಮೆತ್ತಿದ ಪುಟ್ಟಿ ಆಯಸ್ಕಾಂತ ಇಟ್ಟು ನೋಡಿದರೆ ಗೊತ್ತಾಗುತ್ತದೆ ಅಂತ ವಿಡಿಯೊದಲ್ಲಿ ನೋಡಿದೆ. ಅಷ್ಟು ಸಾಕಾ ಅಣ್ಣ?

ಟಿಂಕರಿಂಗ್ ಕೈ, ಹಾಸನ

ಸಾಕಾಗುವುದಿಲ್ಲ ತಮ್ಮ. ಆಯಸ್ಕಾಂತ ಅಂಟದಿದ್ದರೆ ಅಲ್ಲಿ ದಪ್ಪ ಪುಟ್ಟಿ ಇದೆ ಅಂತ ಗ್ಯಾರಂಟಿ. ಅಂಟಿದರೆ ಒಳ್ಳೆಯ ತಗಡು ಅಂತ ಗ್ಯಾರಂಟಿ ಇಲ್ಲ. ಕೊಳೆತ ಜಾಗದ ಮೇಲೆ ತೆಳ್ಳನೆ ತಗಡಿನ ತುಂಡು ಇಟ್ಟು ಬೆಸುಗೆ ಹಾಕಿ, ಮೇಲೆ ಸ್ವಲ್ಪ ಪುಟ್ಟಿ ಎಳೆದರೆ ಆಯಸ್ಕಾಂತ ಚೆನ್ನಾಗಿಯೇ ಅಂಟುತ್ತದೆ. ಒಳಗಿನ ಕೊಳೆ ಹಾಗೇ ಉಳಿದಿರುತ್ತದೆ.

ಬಣ್ಣದ ದಪ್ಪ ಅಳೆಯುವ ಮೀಟರ್ ಈಗ ಸುಲಭವಾಗಿ ಸಿಗುತ್ತದೆ. ಫ್ಯಾಕ್ಟರಿ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ಆಸುಪಾಸು. ಹಳೇ ಕಾರಿಗೆ ಮತ್ತೆ ಬಣ್ಣ ಹೊಡೆಸಿರುವುದು ಸಹಜ. ಹಾಗಾಗಿ 300 ಬಂದರೆ ಗಾಬರಿ ಬೇಡ. ಸಾವಿರ ದಾಟಿದರೆ ಅಲ್ಲಿ ಪುಟ್ಟಿ ಇದೆ. ಮುಖ್ಯವಾಗಿ ಎಡಕ್ಕೂ ಬಲಕ್ಕೂ ಹೋಲಿಸಿ. ಒಂದು ಬದಿ 250, ಇನ್ನೊಂದು ಬದಿ 1200 ಅಂದರೆ ಆ ಬದಿಗೆ ಏನೋ ಆಗಿದೆ.

ಮೀಟರ್ ಇಲ್ಲದಿದ್ದರೂ ಕೈ ಇದೆಯಲ್ಲ. ಬಾಗಿಲು ತೆರೆದು ಅದರ ಕೆಳ ಅಂಚಿನ ಒಳಮಗ್ಗುಲಲ್ಲಿ ಬೆರಳು ಎಳೆಯಿರಿ. ನೀರು ಹೋಗುವ ಸಣ್ಣ ತೂತುಗಳು ಇರಬೇಕು. ಪುಟ್ಟಿ ಮೆತ್ತಿದವರು ಅವನ್ನೂ ಮುಚ್ಚಿರುತ್ತಾರೆ. ನೀರು ಒಳಗೇ ನಿಂತು ಮುಂದಿನ ಮಳೆಗಾಲಕ್ಕೆ ಬಾಗಿಲು ಕೆಳಗಿಂದ ಉದುರುತ್ತದೆ. ಆಮೇಲೆ ಬಾಗಿಲಿನ ಸುತ್ತ ಸಂದು ನೋಡಿ. ಮೇಲೆ ಅಗಲ, ಕೆಳಗೆ ಬಿಗಿ ಇದ್ದರೆ ಹಿಂಜ್ ಸವೆದಿರಬಹುದು ಅಥವಾ ಬಾಡಿ ಇಳಿದಿರಬಹುದು. ಬಾಗಿಲನ್ನು ಹಿಡಿದು ಮೇಲೆ ಎತ್ತಿ. ಆಡಿದರೆ ಹಿಂಜ್. ಆಡದೆ ಸಂದು ಹಾಗೇ ಇದ್ದರೆ ಬಾಡಿಯ ಮೇಲೆ ಅನುಮಾನ ಇಟ್ಟುಕೊಳ್ಳಿ. ಡಿಕ್ಕಿಯ ಸ್ಟೆಪ್ನಿ ಎತ್ತಿ ಅದರ ಕೆಳಗೂ ನೋಡಿ. ಮಾರುವವರು ಬಣ್ಣ ಹೊಡೆಸುವಾಗ ಮರೆಯುವ ಜಾಗ ಅದು.

ಗಾಡಿಯ ಕೆಳಗೆ ತುಕ್ಕು ತಡೆಯಲು ಬಳಿಯುವ ಕಪ್ಪು ಅಂಡರ್‌ಕೋಟಿಂಗ್ ಹೊಸದಾಗಿ ಮಿಂಚುತ್ತಿದ್ದರೆ ಖುಷಿಪಡಬೇಡಿ. 40 ವರ್ಷದ ಗಾಡಿಗೆ ಹರಾಜಿನ ಹಿಂದಿನ ವಾರ ಅದನ್ನು ಯಾಕೆ ಹೊಡೆಸಿದರು ಅಂತ ಕೇಳಿ.

ಎಂಎಂ 540

ಆಯಸ್ಕಾಂತದ ಬಗ್ಗೆ ಒಂದು ಸೇರಿಕೆ. ಹಳೇ ಲ್ಯಾಂಡ್ ರೋವರ್‌ಗಳ ಬಾಡಿ ಅಲ್ಯೂಮಿನಿಯಂ. ಅದಕ್ಕೆ ಆಯಸ್ಕಾಂತ ಅಂಟುವುದೇ ಇಲ್ಲ. ಅದನ್ನು ಪುಟ್ಟಿ ಅಂದುಕೊಂಡು ಬಿಟ್ಟು ಹೋದವರಿದ್ದಾರೆ. ಅದರ ಚಾಸಿ ಕಬ್ಬಿಣದ್ದು. ತುಕ್ಕು ಹುಡುಕಬೇಕಾದದ್ದು ಅಲ್ಲಿ.

ಈಗ ಜೀಪಿನ ಮಾತು. ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಜನ ಮೋಸ ಹೋಗುವುದು "ಯುದ್ಧದ ಜೀಪು" ಅನ್ನುವ ಹೆಸರಿಗೆ. ಯಾವುದೋ ಎಸ್ಟೇಟ್ ಜೀಪಿಗೆ ಮಿಲಿಟರಿ ಹಸಿರು ಬಣ್ಣ ಹೊಡೆದು, ಬಾನೆಟ್ ಮೇಲೆ ಬಿಳಿ ನಕ್ಷತ್ರ ಬರೆದು, 1942ರದ್ದು ಅಂತ ಕೂಗುತ್ತಾರೆ. ಗುರುತಿಸುವುದು ಕಷ್ಟವೇನಲ್ಲ. ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಮತ್ತು ಫೋರ್ಡ್ ಜಿಪಿಡಬ್ಲ್ಯುಗೆ ಮುಂದಿನ ಒತ್ತಿ ಮಾಡಿದ ತಗಡಿನ ಗ್ರಿಲ್‌ನಲ್ಲಿ ಒಂಬತ್ತು ಸೀಳು. ಯುದ್ಧ ಮುಗಿದ ಮೇಲೆ ಬಂದ ನಾಗರಿಕ ಸಿಜೆ ಮಾದರಿಗಳಿಗೆ ಏಳು. ಯುದ್ಧದ ಜೀಪಿಗೆ ಹಿಂದೆ ತೆರೆಯುವ ಟೇಲ್‌ಗೇಟ್ ಇಲ್ಲ, ಸ್ಟೆಪ್ನಿ ಹಿಂದೆ ನೇತಾಡುತ್ತದೆ. ಪೆಟ್ರೋಲ್ ಹಾಕುವ ಬಾಯಿ ಡ್ರೈವರ್ ಸೀಟಿನ ಕೆಳಗೆ. ಸ್ಟೀರಿಂಗ್ ಎಡಕ್ಕೆ.

ಗ್ರಿಲ್ ಬದಲಾಯಿಸಬಹುದು, ಒಪ್ಪುತ್ತೇನೆ. ಅದಕ್ಕೇ ಬಗ್ಗಿ ಚಾಸಿಯ ಮುಂದಿನ ಅಡ್ಡಪಟ್ಟಿ ನೋಡಿ. ವಿಲ್ಲಿಸ್‌ನಲ್ಲಿ ಅದು ದುಂಡನೆಯ ಪೈಪು. ಫೋರ್ಡ್‌ನಲ್ಲಿ ಬೋರಲು ಹಾಕಿದ ಯು ಆಕಾರ. ಮಹೀಂದ್ರ ಇಲ್ಲಿ ಜೀಪು ಜೋಡಿಸಲು ಶುರು ಮಾಡಿದ್ದೇ ಯುದ್ಧ ಮುಗಿದ ಮೇಲೆ. ಎತ್ತರದ ಬಾನೆಟ್‌ನ ಸಿಜೆ 3ಬಿ ಬಂದದ್ದು 50ರ ದಶಕದಲ್ಲಿ. ಆ ಬಾನೆಟ್ ಎತ್ತರ ಆಗಿದ್ದೇ ಒಳಗಿನ ಹೊಸ ಹರಿಕೇನ್ ಎಂಜಿನ್ ಎತ್ತರವಾಗಿದ್ದರಿಂದ. ಅಂಥ ಬಾನೆಟ್ ಇಟ್ಟುಕೊಂಡು ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿಗೆ ಹೋಗಿ ಬಂದ ಜೀಪು ಅಂತ ಯಾರಾದರೂ ಹೇಳಿದರೆ ಕೈಮುಗಿದು ಬನ್ನಿ.

ಸಿಜೆ 3ಬಿ ಕೆಟ್ಟ ಗಾಡಿ ಅಂತ ಅಲ್ಲ. ನನ್ನ ಪ್ರಕಾರ ನಮ್ಮ ಘಾಟಿ ರಸ್ತೆಗೆ ಅದಕ್ಕಿಂತ ಒಳ್ಳೆಯ ಹಳೇ ಗಾಡಿ ಇಲ್ಲ. ಅದರ ಬೆಲೆಗೆ ಅದನ್ನು ಕೊಳ್ಳಿ.

ಕೊಟ್ಟಿಗೆಹಾರದ ಮಳೆ

ಫಿಯಟ್‌ನಲ್ಲೂ ಇದೇ ಕಥೆ ಉಂಟು. 60ರ ದಶಕದ ಫಿಯಟ್ 1100 ಡಿಲೈಟ್, 70ರ ದಶಕದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, ಆಮೇಲೆ ಪದ್ಮಿನಿ. ಒಂದೇ ಬಾಡಿ, ಅದೇ 1089 ಸಿಸಿ. 80ರ ದಶಕದ ಪದ್ಮಿನಿಗೆ ಹಳೇ ಗ್ರಿಲ್, ಫಿಯಟ್ ಬ್ಯಾಡ್ಜ್ ಹಾಕಿ "ಒರಿಜಿನಲ್ ಫಿಯಟ್" ಅನ್ನುತ್ತಾರೆ. ಆರ್‌ಸಿಯಲ್ಲಿ ತಯಾರಾದ ವರ್ಷ ಇರುತ್ತದಲ್ಲ, ಅದನ್ನು ಓದಿದರೆ ಸಾಕು. ಓದುವುದಿಲ್ಲ, ಅಷ್ಟೇ.

ಅರ್ಥಶಾಸ್ತ್ರದ ಮೇಡಂ, ಹಾಸನ

ನಾನು ಕಾರು ರಿಪೇರಿ ತಿಳಿದವಳಲ್ಲ. ಮನೆಯವರು ಹಳೇ ಕಾರು ಪ್ರಿಯರು, ಹಾಗಾಗಿ ಹರಾಜಿಗೆ ಜೊತೆಗೆ ಹೋಗಿದ್ದೇನೆ. ಕಾಲೇಜಿನಲ್ಲಿ ಪಾಠ ಮಾಡುವ ಎರಡು ವಿಷಯ ಅಲ್ಲಿ ಕಣ್ಣೆದುರೇ ನಡೆಯುತ್ತದೆ. ಅದನ್ನು ಹೇಳಬೇಕು ಅನ್ನಿಸಿತು.

ಒಂದು, ಗೆದ್ದವರ ನಷ್ಟ. ಒಂದು ಕಾರಿನ ನಿಜವಾದ ಬೆಲೆ ಯಾರಿಗೂ ಖಚಿತವಾಗಿ ಗೊತ್ತಿಲ್ಲ ಅಂತಿಟ್ಟುಕೊಳ್ಳಿ. ಹತ್ತು ಜನ ಅಂದಾಜು ಮಾಡುತ್ತಾರೆ. ಕೆಲವರು ಕಮ್ಮಿ, ಕೆಲವರು ಜಾಸ್ತಿ. ಹರಾಜು ಗೆಲ್ಲುವುದು ಯಾರು? ಅತಿ ಜಾಸ್ತಿ ಅಂದಾಜು ಮಾಡಿದವರು. ಅಂದರೆ ಗೆದ್ದಿದ್ದೇ ಅವರ ಅಂದಾಜು ತಪ್ಪಿರಬಹುದು ಅನ್ನುವುದಕ್ಕೆ ಸುಳಿವು. ಇದನ್ನು ಮೊದಲು ಬರೆದು ತೋರಿಸಿದವರು ಅಮೆರಿಕದ ತೈಲ ಕಂಪನಿಯೊಂದರ ಮೂವರು ಎಂಜಿನಿಯರ್‌ಗಳು, 1971ರಲ್ಲಿ. ಸಮುದ್ರದಡಿಯ ತೈಲದ ಜಾಗಗಳನ್ನು ಹರಾಜಿನಲ್ಲಿ ಹಿಡಿದ ಕಂಪನಿಗಳಿಗೆ ಯಾಕೆ ಲಾಭ ಬರುತ್ತಿಲ್ಲ ಅಂತ ಅವರು ಹುಡುಕುತ್ತಿದ್ದರು. ಹಾಗಾಗಿ ಹೆಚ್ಚು ಜನ ಕೂಗುತ್ತಿದ್ದರೆ "ಇಷ್ಟು ಜನಕ್ಕೆ ಬೇಕು ಅಂದಮೇಲೆ ಒಳ್ಳೆಯ ಕಾರೇ ಇರಬೇಕು" ಅಂದುಕೊಂಡು ನೀವೂ ಏರಿಸಬೇಡಿ. ಜನ ಹೆಚ್ಚಿದಷ್ಟೂ ನಿಮ್ಮ ಮಿತಿಯನ್ನು ಇಳಿಸಿಕೊಳ್ಳಬೇಕು.

ಎರಡನೆಯದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳನ್ನೇ ಉದಾಹರಣೆ ಮಾಡಿ ಹೇಳಿದ್ದು. 2001ರಲ್ಲಿ ಅವರಿಗೆ ನೊಬೆಲ್ ಬಂತು. ಕೊಳ್ಳುವವರಿಗೆ ಒಳ್ಳೆಯದು, ಕೆಟ್ಟದ್ದು ಗುರುತಿಸಲು ಬರದಿದ್ದರೆ ಎಲ್ಲದಕ್ಕೂ ನಡುವಿನ ಬೆಲೆ ಕೊಡುತ್ತಾರೆ. ನಿಜಕ್ಕೂ ಒಳ್ಳೆಯ ಕಾರು ಇಟ್ಟುಕೊಂಡವರಿಗೆ ಆ ಬೆಲೆ ಸಾಲುವುದಿಲ್ಲ. ಅವರು ಮಾರಾಟಕ್ಕೇ ತರುವುದಿಲ್ಲ. ಮಾರಾಟಕ್ಕೆ ಉಳಿಯುವುದು ಹೆಚ್ಚಾಗಿ ಕೆಟ್ಟ ಕಾರುಗಳೇ. ಆದ್ದರಿಂದ ನಾನು ಮನೆಯವರಿಗೆ ಯಾವಾಗಲೂ ಹೇಳುವುದು, ಕಾರು ನೋಡುವ ಮೊದಲು ಅದು ಯಾಕೆ ಹರಾಜಿಗೆ ಬಂತು ಅಂತ ಕೇಳಿ. ಮನೆ ಹಿರಿಯರು ತೀರಿಕೊಂಡು, ಮಕ್ಕಳು ವಿದೇಶದಲ್ಲಿದ್ದು, ನೋಡಿಕೊಳ್ಳುವವರಿಲ್ಲದೆ ಬಂದ ಕಾರು ಬೇರೆ. ಆರು ತಿಂಗಳ ಹಿಂದೆ ಕೊಂಡು, ಬಣ್ಣ ಹೊಡೆಸಿ, ಮತ್ತೆ ಹರಾಜಿಗೆ ತಂದ ಕಾರು ಬೇರೆ.

ಟಿಂಕರಿಂಗ್ ಕೈ, ಹಾಸನ

ಮೇಡಂ, ಎರಡನೆಯ ಮಾತು ನೂರಕ್ಕೆ ನೂರು. ಆರ್‌ಸಿಯಲ್ಲಿ ಮಾಲೀಕರ ಹೆಸರು ಬದಲಾದ ತಾರೀಖು ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ.

ಸಕಲೇಶಪುರ ಘಾಟಿ

ನೀವೆಲ್ಲ ಹೇಳುತ್ತಿರುವುದು ಕೇಳಿದರೆ ಹರಾಜಿಗೇ ಹೋಗಬಾರದು ಅನ್ನಿಸುತ್ತದೆ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಹಳೇ ಕಾರು ಕೊಳ್ಳುವವರು ಲೆಕ್ಕಕ್ಕೆ ಕೊಳ್ಳುವುದಿಲ್ಲ. ನಮ್ಮ ತಂದೆ ಓಡಿಸಿದ ಮಾದರಿಯ ಕಾರು ಸಿಕ್ಕರೆ ನಾನು ಎರಡು ಲಕ್ಷ ಜಾಸ್ತಿ ಕೊಡಲು ತಯಾರಿದ್ದೇನೆ. ಅದು ತಪ್ಪು ಅಂದಾಜು ಹೇಗಾಗುತ್ತದೆ? ಎಲ್ಲವನ್ನೂ ಮೈಕ್ರಾನ್‌ನಲ್ಲಿ ಅಳೆಯಲು ಆಗುವುದಿಲ್ಲ.

ಇನ್ನೊಂದು. ಹೊಳಪು ಬೇಡ, ಹೊಳಪು ಬೇಡ ಅಂತೀರಿ. ಹೊರದೇಶದಲ್ಲಿ ಈಗ ತುಕ್ಕು ಹಿಡಿದ ಕಾರಿಗೇ ಜಾಸ್ತಿ ಬೆಲೆ. 2015ರಲ್ಲಿ ಪ್ಯಾರಿಸ್‌ನಲ್ಲಿ ಬೈಯಾನ್ ಅನ್ನುವ ಮನೆತನದ ಸಂಗ್ರಹ ಹರಾಜಾಯಿತು. ದಶಕಗಳ ಕಾಲ ತೋಟದ ಶೆಡ್ಡುಗಳಲ್ಲಿ ಧೂಳು ತಿಂದ ಕಾರುಗಳು. ಅದರಲ್ಲಿ ಒಂದು ಫೆರಾರಿ 250 ಕ್ಯಾಲಿಫೋರ್ನಿಯಾ ಸ್ಪೈಡರ್ 1 ಕೋಟಿ 60 ಲಕ್ಷ ಯೂರೊ ದಾಟಿತು. ಒರೆಸಿಯೂ ಇರಲಿಲ್ಲ. ನಮ್ಮ ಶೆಡ್ಡಿನ ಗಾಡಿಗಳಿಗೂ ಆ ಬೆಲೆ ಯಾಕೆ ಕಟ್ಟಬಾರದು?

ಟಿಂಕರಿಂಗ್ ಕೈ, ಹಾಸನ

ತಂದೆಯ ಕಾರಿನ ಮಾತಿಗೆ ನನ್ನ ತಕರಾರಿಲ್ಲ ಸರ್. ಎರಡು ಲಕ್ಷ ಜಾಸ್ತಿ ಕೊಡಿ, ಆದರೆ ಅದು ನೆನಪಿಗೆ ಕೊಟ್ಟ ದುಡ್ಡು ಅಂತ ಗೊತ್ತಿದ್ದು ಕೊಡಿ. ಅಷ್ಟೇ ಪ್ರೀತಿ ಇರುವವರು ಅದೇ ಮಾದರಿಯ ಗಟ್ಟಿ ಕಾರು ಸಿಗುವವರೆಗೆ ಕಾಯಬೇಕು ಅನ್ನುವುದು ನನ್ನ ಆಸೆ. ಅಂಬಾಸಿಡರ್, ಪದ್ಮಿನಿ ಅಪರೂಪದ ಕಾರುಗಳಲ್ಲ. ದಶಕಗಟ್ಟಲೆ ತಯಾರಾಗಿವೆ. ಇದು ಹೋದರೆ ಇನ್ನೊಂದು ಬರುತ್ತದೆ. ಆ ಫೆರಾರಿಯ ಕಥೆ ಬೇರೆ. ಆ ಮಾದರಿಯವು ಪ್ರಪಂಚದಲ್ಲೇ ಕೆಲವೇ ಕೆಲವು ಇರುವುದರಿಂದ ತುಕ್ಕು ಎಷ್ಟಿದ್ದರೂ ಸರಿಮಾಡುವ ಖರ್ಚು ಬೆಲೆಯ ಮುಂದೆ ಸಣ್ಣದು. ಪದ್ಮಿನಿಯಲ್ಲಿ ಸರಿಮಾಡುವ ಖರ್ಚೇ ಕಾರಿನ ಬೆಲೆಯನ್ನು ದಾಟುತ್ತದೆ.

ಹಳೇ ಬಣ್ಣ ಉಳಿದಿರುವ ಕಾರಿನ ಬಗ್ಗೆ ನೀವು ಹೇಳಿದ್ದು ನಿಜ. ಫ್ಯಾಕ್ಟರಿಯ ಬಣ್ಣ ಮಾಸಿದ್ದರೂ ಅದು ಸಾಕ್ಷಿ. ಅದರ ಕೆಳಗೆ ಏನಿದೆ ಅಂತ ಕಾಣುತ್ತದೆ. ನನಗೆ ಕೇಳಿದರೆ ಮಾಸಿದ ಮೂಲ ಬಣ್ಣದ ಕಾರಿಗೆ ಹೊಸ ಬಣ್ಣದ ಕಾರಿಗಿಂತ ಜಾಸ್ತಿ ಕೊಡುತ್ತೇನೆ.

ಎಂಎಂ 540

ಹರಾಜಿನ ಜ್ವರಕ್ಕೆ ಒಂದು ಉದಾಹರಣೆ. 2019ರ ಆಗಸ್ಟ್, ಅಮೆರಿಕದ ಮಾಂಟೆರೇ. 1939ರ ಪೋರ್ಶೆ ಟೈಪ್ 64 ಹರಾಜಿಗೆ ಬಂತು. ಹರಾಜು ಕೂಗುವವರು 13 ಮಿಲಿಯನ್ ಡಾಲರ್ ಅಂದದ್ದು 30 ಅಂತ ಕೇಳಿಸಿತು. ಪರದೆಯ ಮೇಲೂ 30 ಬಂತು. ಅಲ್ಲಿಂದ 40, 50, 60, 70. ಜನ ಎದ್ದು ನಿಂತು ಕೇಕೆ ಹಾಕಿದರು. ಕೊನೆಗೆ 70 ಅಲ್ಲ, 17 ಅಂತ ತಿದ್ದಿದರು. ಕಾರು ಮಾರಾಟವಾಗಲೇ ಇಲ್ಲ. ಪ್ರಪಂಚದ ಅತಿ ತಿಳಿದ ಕೊಳ್ಳುವವರು ತುಂಬಿದ ಸಭೆ ಅದು. ಅಲ್ಲೂ ಅಂಕಿ ಏರುತ್ತಿದೆ ಅಂದಾಗ ಇದು ಹೇಗೆ ಅಂತ ಆ ಕ್ಷಣದಲ್ಲಿ ಯಾರೂ ನಿಲ್ಲಿಸಿ ಕೇಳಲಿಲ್ಲ.

ಹೊಸಬ, ಬೇಲೂರು ರಸ್ತೆ

ಎಂಜಿನ್ ಹೇಗೆ ನೋಡುವುದು? ಹರಾಜಿನಲ್ಲಿ ಓಡಿಸಲು ಬಿಡುವುದಿಲ್ಲವಲ್ಲ.

ಕೊಟ್ಟಿಗೆಹಾರದ ಮಳೆ

ಓಡಿಸಲು ಬಿಡದಿದ್ದರೂ ಸ್ಟಾರ್ಟ್ ಮಾಡಿ ತೋರಿಸುತ್ತಾರೆ. ಮೊದಲು ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಬೆಳಿಗ್ಗೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವ ಮೊದಲ ಒಂದು ನಿಮಿಷದಲ್ಲಿ ಎಲ್ಲ ಹೇಳಿಬಿಡುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ದಟ್ಟ ಬಿಳಿ ಹೊಗೆ ನಿಲ್ಲದೆ ಬಂದರೆ ನೀರು ಒಳಗೆ ಹೋಗುತ್ತಿರಬಹುದು, ಎಂಜಿನ್‌ನ ಮೇಲ್ಭಾಗದ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ನಮ್ಮ ಮಲೆನಾಡಿನ ಚಳಿಯಲ್ಲಿ ಬೆಳಿಗ್ಗೆ ಸ್ವಲ್ಪ ಬಿಳಿ ಆವಿ ಬರುವುದು ಸಹಜ, ಅದಕ್ಕೆ ಹೆದರಬೇಡಿ. ದಪ್ಪ ಆಯಿಲ್ ಹಾಕಿ ಸದ್ದು, ಹೊಗೆ ಮುಚ್ಚುವವರೂ ಇದ್ದಾರೆ. ಡಿಪ್‌ಸ್ಟಿಕ್ ತೆಗೆದು ಬೆರಳಿಗೆ ಹಚ್ಚಿ ನೋಡಿ.

ಮೀಟರ್‌ನ ಕಿಲೋಮೀಟರ್ ನಂಬಲೇಬೇಡಿ. ಹಳೇ ಅಂಬಾಸಿಡರ್, ಫಿಯಟ್ ಮೀಟರ್‌ಗೆ ಐದೇ ಅಂಕಿ. 99,999 ಆದಮೇಲೆ ಮತ್ತೆ ಸೊನ್ನೆ. 42,000 ಅಂದರೆ 1,42,000 ಇರಬಹುದು, ಅದಕ್ಕೂ ಜಾಸ್ತಿ ಇರಬಹುದು. ಕ್ಲಚ್ ಪೆಡಲ್ ರಬ್ಬರು, ಸ್ಟೀರಿಂಗ್ ಸವೆತ ನೋಡಿ. ಟೈರಿನ ಬದಿಯಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. 2318 ಅಂದರೆ 2018ರ 23ನೇ ವಾರ. "ವಾರಕ್ಕೊಮ್ಮೆ ಓಡಿಸುತ್ತೇವೆ" ಅನ್ನುವ ಗಾಡಿಯ ಟೈರು 2009ರದ್ದಾಗಿದ್ದರೆ ಮಾತು ಕೂಡುವುದಿಲ್ಲ.

ಕಾಗದ ಪತ್ರ, ಚಿಕ್ಕಮಗಳೂರು

ತಗಡು, ಎಂಜಿನ್ ಎಲ್ಲ ಆಯಿತು. ನನ್ನ ಕೆಲಸ ಗಾಡಿಗಳ ದಾಖಲೆ ಮಾಡಿಸುವುದು. ಕಾಗದವೂ ಗಾಡಿಯ ಗುಣಮಟ್ಟದ ಭಾಗವೇ, ದಯವಿಟ್ಟು ಇದನ್ನು ಹಗುರವಾಗಿ ತಗೊಳ್ಳಬೇಡಿ. ಕಾಗದ ಇಲ್ಲದ ಗಟ್ಟಿ ಕಾರಿಗಿಂತ ಕಾಗದ ಇರುವ ಕೊಳೆತ ಕಾರು ರಸ್ತೆಗೆ ಬೇಗ ಬರುತ್ತದೆ.

ಅಂಬಾಸಿಡರ್ ಹುಡುಕುತ್ತಿರುವ ಹೊಸಬರಿಗೆ ಮೊದಲು. ಸರ್ಕಾರಿ ಕಚೇರಿಯ ಅಂಬಾಸಿಡರ್ ಹರಾಜಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಅನ್ನುವುದು ಹಳೇ ಕಾಲದ ಮಾತು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ಇಲ್ಲ. ಅವು ಗುಜರಿಗೇ ಹೋಗಬೇಕು. ಅದಕ್ಕೂ ಮೊದಲೇ ಹರಾಜಾಗಿ ಖಾಸಗಿಯವರ ಹೆಸರಿಗೆ ಬಂದ ಕಾರುಗಳ ವಿಷಯ ಬೇರೆ.

ಸರ್ಕಾರಿ ಹರಾಜಿನಲ್ಲಿ ಕೊಂಡ ವಾಹನದ ವರ್ಗಾವಣೆಗೆ ಫಾರಂ 32. 30 ದಿನದೊಳಗೆ ಅರ್ಜಿ ಹಾಕಬೇಕು. ಜೊತೆಗೆ ಹರಾಜು ನಡೆಸಿದ ಅಧಿಕಾರಿ ಸಹಿ ಮಾಡಿದ ಮಾರಾಟ ಖಚಿತಪಡಿಸುವ ಪತ್ರ, ಹರಾಜಿಗೆ ಅನುಮತಿ ಕೊಟ್ಟ ಆದೇಶದ ದೃಢೀಕೃತ ಪ್ರತಿ ಬೇಕು. ಖಾಸಗಿಯವರು ನಡೆಸುವ ಹರಾಜಿನಲ್ಲಿ ಕೊಂಡರೆ ಮಾಮೂಲಿ ಮಾರಾಟದ ಫಾರಂ 29, 30. ಎಸ್ಟೇಟ್ ಗಾಡಿಗಳಲ್ಲಿ ಬಹಳ ಸಲ ಆರ್‌ಸಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಆಗ ವಾರಸುದಾರರು ಮೊದಲು ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನಾಲ್ಕು ಜನ ಅಣ್ಣತಮ್ಮಂದಿರಲ್ಲಿ ಒಬ್ಬರು ಸಹಿ ಹಾಕದಿದ್ದರೆ ಗಾಡಿ ನಿಮ್ಮ ಅಂಗಳದಲ್ಲಿ ಸುಮ್ನೆ ನಿಲ್ಲುತ್ತದೆ. ದುಡ್ಡು ಕಟ್ಟುವ ಮೊದಲೇ ಇದು ಮುಗಿದಿರಬೇಕು ಅಂತ ಒತ್ತಾಯಿಸಿ.

50 ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ. ನಂಬರಿನಲ್ಲಿ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಮರುನೋಂದಣಿಗೆ 5,000. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ದಿನನಿತ್ಯ ಓಡಿಸುವುದಕ್ಕೂ ಅವಕಾಶವಿಲ್ಲ. ಹಳೇ ವಿಲ್ಲಿಸ್‌ಗೆ ಪ್ಯೂಜೊ ಡೀಸೆಲ್ ಎಂಜಿನ್ ಕೂರಿಸಿ, "ವಿಂಟೇಜ್ ಮಾಡಿಸಿಕೊಳ್ಳಬಹುದು" ಅಂತ ಜಾಸ್ತಿ ಬೆಲೆ ಹೇಳುತ್ತಾರೆ. ಆಗುವುದಿಲ್ಲ.

ಸಕಲೇಶಪುರ ಘಾಟಿ

ಇಲ್ಲಿ ಒಂದು ಪ್ರಶ್ನೆ. ನಮ್ಮ ಕಡೆಯ ಹಳೇ ಜೀಪುಗಳಲ್ಲಿ ಪೆಟ್ರೋಲ್ ತೆಗೆದು ಡೀಸೆಲ್ ಹಾಕದವು ಎಷ್ಟು ಉಳಿದಿವೆ? ಎಂಜಿನ್ ಬದಲಾದ ಮಾತ್ರಕ್ಕೆ ಅದು ನಕಲಿಯಾಯಿತೇ? ಇಂಗ್ಲೆಂಡಿನಲ್ಲಿ ಇದೇ ವಿಷಯಕ್ಕೆ ಕೋರ್ಟಿಗೆ ಹೋಗಿದ್ದರು. 1929, 1930ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಬೆಂಟ್ಲಿ ಓಲ್ಡ್ ನಂಬರ್ ಒನ್. ವರ್ಷಗಳ ರೇಸಿನಲ್ಲಿ ಅದರ ಭಾಗಗಳೆಲ್ಲ ಬದಲಾಗುತ್ತಾ ಹೋಗಿದ್ದವು. ಕೊಳ್ಳಲು ಒಪ್ಪಿದವರು ಇದು ಅಸಲಿ ಅಲ್ಲ ಅಂತ ಹಿಂದೆ ಸರಿದರು. 1990ರಲ್ಲಿ ಹೈಕೋರ್ಟು ಅದರ ಇತಿಹಾಸ ಎಲ್ಲೂ ತುಂಡಾಗಿಲ್ಲ, ಇದು ಅಸಲಿಯೇ ಅಂತ ತೀರ್ಪು ಕೊಟ್ಟಿತು.

ಎಂಎಂ 540

ಒಳ್ಳೆಯ ಉದಾಹರಣೆ ಸರ್. ಆ ಕಾರು ಗೆದ್ದದ್ದು ಇತಿಹಾಸದ ಬಲದಿಂದ. ಅದು ಹೇಗೆ ಬದಲಾಗುತ್ತಾ ಬಂತು ಅನ್ನುವ ಕಥೆ ಎಲ್ಲೂ ತುಂಡಾಗಿರಲಿಲ್ಲ. ನಮ್ಮ ಜೀಪುಗಳಲ್ಲೂ ಎಂಜಿನ್ ಬದಲಾದದ್ದು ಆರ್‌ಸಿಯಲ್ಲಿ ನಮೂದಾಗಿದ್ದರೆ ಅದು ಆ ಗಾಡಿಯ ಇತಿಹಾಸ. ನಮೂದಾಗದಿದ್ದರೆ ತಲೆನೋವು. ಡೀಸೆಲ್ ಹಾಕಿದ ಎಸ್ಟೇಟ್ ಜೀಪು ನಮ್ಮ ಕಾಫಿ ತೋಟಗಳ ಚರಿತ್ರೆಯೇ, ಅದನ್ನು ನಾನು ಗೌರವಿಸುತ್ತೇನೆ. ಬೆಲೆ ಮಾತ್ರ ಪೆಟ್ರೋಲ್ ಮೂಲ ಎಂಜಿನ್‌ನ ಗಾಡಿಯದ್ದು ಕೊಡಬಾರದು.

ಹೊಸಬ, ಬೇಲೂರು ರಸ್ತೆ

ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆ. ಚಾಸಿ ನಂಬರ್ ಮೇಲೆ ಬಣ್ಣ ಮೆತ್ತಿಕೊಂಡು ಓದಲು ಆಗದಿದ್ದರೆ ಮರಳು ಕಾಗದದಲ್ಲಿ ಉಜ್ಜಬಹುದಾ?

ಕಾಗದ ಪತ್ರ, ಚಿಕ್ಕಮಗಳೂರು

ಬೇಡವೇ ಬೇಡ. ಉಜ್ಜಿದ ಗುರುತು ಇದ್ದರೆ ನಂಬರ್ ತಿದ್ದಿದ್ದಾರೆ ಅಂತ ಆರ್‌ಟಿಒ ತಪಾಸಣೆಯಲ್ಲಿ ಅನುಮಾನ ಬರುತ್ತದೆ. ಇನ್ನೂ ನಿಮ್ಮದಲ್ಲದ ಗಾಡಿಯ ನಂಬರನ್ನು ನೀವಾಗಿ ಉಜ್ಜಲೂ ಬಾರದು. ಹರಾಜು ನಡೆಸುವವರನ್ನು ಕೇಳಿ, ಅವರ ಎದುರಿಗೇ ಸ್ವಲ್ಪ ಥಿನ್ನರ್ ಹಾಕಿದ ಬಟ್ಟೆಯಲ್ಲಿ ಒರೆಸಿಸಿ. ಆಮೇಲೆ ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಮೊಬೈಲ್ ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆದರೆ ಅಕ್ಷರಗಳ ಆಳ ಕಾಣುತ್ತದೆ. ಎಲ್ಲ ಅಕ್ಷರ ಒಂದೇ ಆಳ, ಒಂದೇ ಸಾಲಿನಲ್ಲಿ ಇವೆಯಾ, ಸುತ್ತ ಬೆಸುಗೆಯ ಗುರುತು ಇದೆಯಾ ನೋಡಿ. ಆರ್‌ಸಿಯ ನಂಬರಿನ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಒಂದು ಅಕ್ಷರ ಬೇರೆ ಇದ್ದರೂ ಆ ಗಾಡಿಗೆ ಬಿಡ್ ಹಾಕಬೇಡಿ.